ನಮ್ಮತ್ತೆಯ ತಾಯಿ ಯಾವಾಗ ತೀರಿಕೊಂಡರು?

ಬೆಳಿಗ್ಗೆ ಪೇಪರು ಬಂದ ಕೂಡಲೇ ಜಮಖಂಡಿಯ ನಮ್ಮ ಮನೆಯಲ್ಲಿ ಮೊದಲು ಓದುವುದು ತೀರಿಕೊಂಡವರನ್ನು. ಕಬ್ಬಿನ ದರ, ಮಂತ್ರಿಗಳ ಜಗಳ ಎಲ್ಲ ಆಮೇಲೆ. ಇದು ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಇದ್ದ ಪದ್ಧತಿ. ಎಂಬತ್ತು ದಾಟಿದ ನಮ್ಮತ್ತೆ ಚಹದ ಬಟ್ಟಲು ಹಿಡಿದು ಕೂರುತ್ತಾರೆ. ನಾನು ನಿಧನ ವಾರ್ತೆಗಳನ್ನು ಗಟ್ಟಿಯಾಗಿ ಓದುತ್ತೇನೆ.

“ಈತ ಇನ್ನಾ ಇದ್ನೇನ? ಯಾವಾಗೋ ಸತ್ತಾನಂತ ತಿಳದಿದ್ನೆಲ್ಲಬೇ ನಾ!” ಎನ್ನುತ್ತಾರೆ ಒಮ್ಮೊಮ್ಮೆ, ತುಸು ಬೇಸರದಿಂದ.

ಶ್ರದ್ಧಾಂಜಲಿಯ ಫೋಟೋಗಳ ಮೇಲೆ ನಮ್ಮಿಬ್ಬರ ವಿಮರ್ಶೆ ಬೇರೆ ಇರುತ್ತದೆ. ಈ ಕಡೆಯ ಸ್ಟುಡಿಯೋದವರು ಗಂಡಸರ ಮುಖವನ್ನು ಕತ್ತರಿಸಿ ಒಂದೇ ನೀಲಿ ಕೋಟಿನ ಮೇಲೆ ಅಂಟಿಸುತ್ತಾರೆ. ಜನ್ಮದಲ್ಲಿ ಧೋತರ, ಅಂಗಿ ಬಿಟ್ಟು ಬೇರೇನೂ ತೊಡದವರು ಸತ್ತ ಮೇಲೆ ಟೈ ಕಟ್ಟಿಕೊಂಡು ನಿಲ್ಲುತ್ತಾರೆ. “ಮ್ಯಾಲೆ ಹ್ವಾದವ್ರೆಲ್ಲಾ ಬ್ಯಾಂಕ ಮ್ಯಾನೇಜರ ಆಗ್ಯಾರೇನಬೇ?” ಎಂದು ಅತ್ತೆ ಕೇಳುತ್ತಾರೆ. ಹೆಂಗಸರದು ಇನ್ನೊಂದು ಪಾಡು. ಅವರ ಒಂಟಿ ಫೋಟೋ ಇರುವುದೇ ಇಲ್ಲ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದ ಮುಖ. ಭುಜದ ಮೇಲೆ ಬೇರೆ ಯಾರದೋ ಬಳೆ ತೊಟ್ಟ ಕೈ ಹಾಗೇ ಉಳಿದಿರುತ್ತದೆ.

ನಾನು ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ. ನಗಬಾರದ ಜಾಗದಲ್ಲಿ ನಗು ಬಂದರೆ ಬೂಟಿನೊಳಗೆ ಕಾಲ್ಬೆರಳುಗಳನ್ನು ಗಟ್ಟಿಯಾಗಿ ಮಡಚಿ ಹಿಡಿಯಬೇಕು ಎಂದು ನಮಗೆ ಅಲ್ಲಿ ಒಬ್ಬರು ಕಲಿಸಿದ್ದರು. ಇಂಗ್ಲಿಷ್ ವ್ಯಾಕರಣಕ್ಕಿಂತ ಅದೇ ನನ್ನ ಸಂಸಾರಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಆದರೆ ಮುಧೋಳದಲ್ಲಿ ಒಂದು ತೊಟ್ಟಿಲ ಕಾರ್ಯದ ದಿನ ನಗು ಬರಲಿಲ್ಲ. ಅಲ್ಲಿ ನಮ್ಮತ್ತೆಯ ಅಕ್ಕ ಇದ್ದಾರೆ. ಒಡಹುಟ್ಟಿದವರಲ್ಲ, ಅದಕ್ಕಿಂತ ಹತ್ತಿರದವರು ಎನ್ನಬೇಕು. ಹುನ್ನೂರಿನ ಅಕ್ಕತಂಗಿಯರಿಬ್ಬರನ್ನು ಬನಹಟ್ಟಿಯ ಅಣ್ಣತಮ್ಮಂದಿರಿಬ್ಬರಿಗೆ ಕೊಟ್ಟಿದ್ದರು. ಅಕ್ಕನ ಮಗಳು ಈ ಮುಧೋಳದ ದೊಡ್ಡತ್ತೆ. ತಂಗಿಯ ಮಗಳು ನಮ್ಮತ್ತೆ. ತಂಗಿ ಬೇಗ ತೀರಿಕೊಂಡದ್ದರಿಂದ ಇಬ್ಬರನ್ನೂ ಆ ಅಕ್ಕನೇ ಒಂದೇ ಮನೆಯಲ್ಲಿ ಬೆಳೆಸಿದರು. ದೊಡ್ಡತ್ತೆಗೆ ಈಗ ತೊಂಬತ್ತರ ಹತ್ತಿರ. ಹಲ್ಲು ಹೋಗಿವೆ, ನಾಲಿಗೆ ಇದೆ.

ಅವರ ಮರಿಮೊಮ್ಮಗಳಿಗೆ ಹೆಸರಿಡುವ ದಿನ. ಹಿರಿಯ ಮುತ್ತೈದೆಯರು ಕೂಸನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ಕೈ ಬದಲಿಸುತ್ತಿದ್ದರು. ನಮ್ಮತ್ತೆಯೂ ಎರಡೂ ಕೈ ಚಾಚಿದರು. ಮೂಲೆಯ ಕುರ್ಚಿಯಿಂದ ದೊಡ್ಡತ್ತೆಯ ದನಿ ಬಂತು: “ಆಕಿ ಕೈಯಾಗ ಕೂಸ ಕೊಡಬ್ಯಾಡ್ರೇ. ಹುಟ್ಟತಿದ್ದಂಗ ಹಡದವ್ವನ್ನ ತಿಂದಾಕಿ ಆಕಿ.”

ಯಾರೋ ನಕ್ಕರು. ಯಾರೋ “ಏ, ಸುಮ್ಮನಿರಬೇ ಆಯೀ” ಎಂದರು. ನಮ್ಮತ್ತೆ ಚಾಚಿದ ಕೈಗಳನ್ನು ಹಿಂದೆ ತಂದು ಸೆರಗು ಸರಿಮಾಡಿಕೊಂಡರು. ಕೈ ಚಾಚಿದ್ದೇ ಅದಕ್ಕೆ ಎನ್ನುವ ಹಾಗೆ. ಜಮಖಂಡಿಗೆ ಬರುವ ತನಕ ಬಸ್ಸಿನಲ್ಲಿ ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದರು.

ಮರುದಿನ ಬೆಳಿಗ್ಗೆ ನಾನು ಪೇಪರು ಬಿಚ್ಚಿದೆ. ಮೊದಲ ಕೋಟಿನವನ ಹೆಸರು ಓದುವಷ್ಟರಲ್ಲಿ ಅತ್ತೆ ತಡೆದರು.

“ಯವ್ವಾ, ಭಾಳ ಹಿಂದ ಸತ್ತವರದೂ ಸರಕಾರದಾಗ ಬರದಿಟ್ಟಿರತಾರೇನು?”

“ಇಟ್ಟಿರತಾರ್ರಿ. ಯಾಕ್ರಿ ಅತ್ತ್ಯಾರ?”

“ನಮ್ಮವ್ವ ಖರೇನ ನನ್ನ ಹಡಿಯೂ ಹೊತ್ತಿನಾಗ ಸತ್ತಾಳೋ, ಇಲ್ಲೋ, ನೋಡಬೇಕಾಗಿತ್ತು. ಸಣ್ಣಾಕಿದ್ದಾಗಿಂದ ಎಲ್ಲಾರೂ ಹಂಗ ಅಂತಾರ. ಕೇಳೂಣಂದ್ರ ನನ್ನ ಸಾಕಿದ ದೊಡ್ಡವ್ವ ತಂಗಿ ಹೆಸರ ತಗದ್ರ ಸಾಕು ಅಳಾಕಿ. ನಾ ಕೇಳೂದ ಬಿಟ್ಟೆ.” ಪೇಪರನ್ನು ತಾವೇ ಮಡಚುತ್ತ ಸೇರಿಸಿದರು: “ಹೌದಂದ್ರ ಹೌದು. ಹ್ವಾದ್ರ ಹೋತು. ಗೊತ್ತರ ಆಗಲಿ.”

ನಾನು ಅವತ್ತೇ ಹೊರಟೆ.

ಮೊದಲು ಹೋದದ್ದು ಬನಹಟ್ಟಿಗೆ. ಗಂಡನ ಮನೆ ಅಲ್ಲಿತ್ತು, ಬರೆಸಿದ್ದರೆ ಅಲ್ಲೇ ಬರೆಸಿರಬೇಕು ಎಂದು ನನ್ನ ಲೆಕ್ಕ. ಓಣಿ ತುಂಬ ಮಗ್ಗಗಳ ಸದ್ದು. ಜನನ ಮರಣ ಬರೆಯುವ ಕಚೇರಿಯ ಕಿಟಕಿಯಲ್ಲೂ ಅದೇ ಸದ್ದು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಒಂದು ಅರ್ಜಿ ಕೊಟ್ಟು, “ಸತ್ತ ತಾರೀಖ ಬರೀರಿ ಅಕ್ಕಾರ” ಎಂದಳು.

“ಅದನ್ನ ತಿಳಕೊಳ್ಳಾಕ ಬಂದೇನಿ ತಂಗಿ.”

“ಹೌದ್ರಿ. ತಾರೀಖ ಹಾಕಿದ್ರ ಹುಡಕತೇನ್ರಿ.”

“ತಾರೀಖ ಗೊತ್ತಿದ್ರ ನಾ ಯಾಕ ಹುಡಕಸಲಿ?”

ಆಕೆ ಆ ಪ್ರಶ್ನೆಯನ್ನು ನಿಜವಾಗಿಯೂ ಯೋಚಿಸಿದಳು. ಹೆರಿಗೆಯ ಮಾತನ್ನೂ ಹುನ್ನೂರಿನ ತವರನ್ನೂ ನನ್ನಿಂದ ಹೇಳಿಸಿಕೊಂಡಳು. ಆಮೇಲೆ, “ಮೊದಲನೇ ಹೆರಿಗಿ ತವರಮನ್ಯಾಗ ಆಗತೈತೆಲ್ರಿ? ಅಲ್ಲೇ ತೀರಿಕೊಂಡಿದ್ರ ಆ ಊರಾಗ ಬರಿಸಿರತಾರ. ಹುನ್ನೂರ ಅಂದ್ರ ಜಮಖಂಡ್ಯಾಗ ಕೇಳ್ರಿ” ಎಂದಳು. ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಕಾಗದ ಹುಡುಕಲು ನಾನು ಬಸ್ಸು ಹತ್ತಿ ಬನಹಟ್ಟಿಗೆ ಬಂದಿದ್ದೆ. ಕಾಲ್ಬೆರಳು ಮಡಚಿಕೊಂಡು ಥ್ಯಾಂಕ್ಸ್ ಹೇಳಿದೆ.

ಜಮಖಂಡಿಯ ಹಳೆಯ ದಾಖಲೆಗಳ ಕೋಣೆಯಲ್ಲಿ ಕೆಂಪು ಅರಿವೆಯ ಗಂಟುಗಳು ಅಟ್ಟದ ತನಕ ಇದ್ದವು. ಅವುಗಳ ಒಡೆಯರಾಗಿದ್ದ ಗುಮಾಸ್ತರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಆ ಮಸಕು ಕೋಣೆಯಲ್ಲಿ ಗಂಟುಗಳನ್ನು ಕೈಯಿಂದಲೇ ಮುಟ್ಟಿ ಗುರುತಿಸುತ್ತಿದ್ದರು.

“ಹುನ್ನೂರಿಂದು ಇಲ್ಲೈತ್ರಿ ಬಾಯಾರ. ಆದ್ರ ಸಂಸ್ಥಾನದ ಕಾಲದ್ದು, ಮರಾಠಿ. ನನ್ನ ಕಣ್ಣಂತೂ ಹಿಂಗ ಕುಂತಾವು. ಓದವ್ರ ಯಾರು?”

ಶಾಲೆಯಲ್ಲಿ ಹಿಂದಿ ಕಲಿತಿದ್ದೆ, ಜಮಖಂಡಿಗೆ ಬಂದ ಮೇಲೆ ಸಂತೆಯಲ್ಲಿ ಮರಾಠಿ ಕಲಿತಿದ್ದೆ. ಎರಡನ್ನೂ ಕಲಸಿ ಓದುತ್ತೇನೆ ಎಂದೆ. ಅವರು ಸ್ಟೂಲು ಒರೆಸಿ ಕೊಟ್ಟರು. ಅತ್ತೆಯ ಆಧಾರ್ ಕಾರ್ಡಿನಲ್ಲಿದ್ದ ಹುಟ್ಟಿದ ವರ್ಷ ಹಿಡಿದು, ಅದರ ಹಿಂದೊಂದು, ಮುಂದೊಂದು ವರ್ಷ ಸೇರಿಸಿ ಎರಡು ದಿನ ಕುಳಿತು ಓದಿದೆ. ಹುನ್ನೂರಿನ ಸಾವುಗಳೆಲ್ಲ ಗೊತ್ತಾದವು. ನೂರಕ್ಕೆ ತೊಂಬತ್ತು ಮಂದಿಯ ಎದುರು ಕಾರಣದ ಸಾಲಿನಲ್ಲಿ ಒಂದೇ ಶಬ್ದ: ತಾಪ. ಅಂದರೆ ಜ್ವರ.

“ಎಲ್ಲಾರೂ ಜ್ವರದಿಂದನ ಸತ್ತಾರಲ್ರಿ!”

“ಬರಿಯಾವಗ ಮತ್ತೇನ ಗೊತ್ತಿರತೈತ್ರಿ? ಮೈ ಬಿಸಿ ಇತ್ತು ಅಂದ್ರು, ಬರದ. ಕಾರಣ ನಂಬಬ್ಯಾಡ್ರಿ, ತಾರೀಖ ನಂಬರಿ.”

ಆದರೆ ಅತ್ತೆ ಹೇಳಿದ ಹೆಸರಿನ ಹೆಂಗಸು ಆ ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಮನೆಗೆ ಬಂದರೆ ಅತ್ತೆ ಕಟ್ಟೆಯ ಮೇಲೇ ಕುಳಿತಿದ್ದರು. “ಸಿಕ್ಕಳೇನ?” ಎಂದರು, ತಾಯಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ತಪ್ಪಿಸಿಕೊಂಡವಳೋ ಎಂಬಂತೆ.

“ಇಲ್ರಿ.”

“ಹಂಗಾರ ಸತ್ತ ಇಲ್ಲೇನ ಆಕಿ? ಎಲ್ಲಿ ಹ್ವಾದ್ಳು ಮತ್ತ?”

ಉತ್ತರ ಹೊಳೆದದ್ದು ನನ್ನ ಹಳೆಯ ಗೆಳತಿಯ ಫೋನಿನಿಂದ. ಆಕೆ ಮನೆಯ ಫೋನಿಗೆ ಕರೆ ಮಾಡಿ ನನ್ನ ಹೆಸರು ಹೇಳಿದಳು. ನನ್ನ ಗಂಡ ಬಹಳ ಮರ್ಯಾದೆಯಿಂದ, “ರಾಂಗ್ ನಂಬರ್ ರೀ” ಎಂದು ಇಟ್ಟುಬಿಟ್ಟರು. ಇದು ಮೊದಲ ಸಲವಲ್ಲ. ಮದುವೆಯ ದಿನ ಇವರೇ ಅಕ್ಕಿಯಲ್ಲಿ ಉಂಗುರದಿಂದ ನನಗೊಂದು ಹೊಸ ಹೆಸರು ಬರೆದಿದ್ದರು. ಈ ಕಡೆ ಬಹಳ ಮನೆಗಳಲ್ಲಿ ಹೀಗೇ. ಹತ್ತನೆಯ ತರಗತಿಯ ಸರ್ಟಿಫಿಕೇಟಿನಲ್ಲಿ ಒಬ್ಬಳು, ರೇಷನ್ ಕಾರ್ಡಿನಲ್ಲಿ ಇನ್ನೊಬ್ಬಳು. ಇಬ್ಬರೂ ಸೇರಿ ಒಂದೇ ಒಲೆಯಲ್ಲಿ ರೊಟ್ಟಿ ಬೇಯಿಸುತ್ತೇವೆ.

“ಅತ್ತ್ಯಾರ, ನಿಮ್ಮವ್ವಗ ತವರಮನಿ ಹೆಸರು ಬ್ಯಾರೆ ಇತ್ತೇನ್ರಿ?”

ಅತ್ತೆ ನನ್ನನ್ನೇ ನೋಡಿದರು. ಎಂಬತ್ತು ವರ್ಷ ತಾಯಿಯ ಒಂದೇ ಹೆಸರನ್ನು ಇಟ್ಟುಕೊಂಡು ಬಂದಿದ್ದರು. ಅದು ಬನಹಟ್ಟಿಯವರು ಕೊಟ್ಟ ಹೆಸರು. “ಇದ್ದಿರಬೇಕಲ್ಲ,” ಎಂದರು ಮೆಲ್ಲಗೆ. “ಹುನ್ನೂರಿನ ಅಪ್ಪ ಮಗಳ ಹೆಸರ ಬರಸೂವಾಗ ತಾ ಇಟ್ಟ ಹೆಸರ ಬರಸ್ಯಾನು. ಆದ್ರ ಅದು ಯಾರಿಗೆ ಗೊತ್ತೈತಿ ಈಗ?”

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅತ್ತೆಯ ಮುಖ ಹುಳಿಯಾಯಿತು.

“ಆ ಮುಧೋಳದಾಕಿ ಮನಿಗಿ ನಾ ಬರೂದಿಲ್ಲ.”

ಬಂದರು. ಮರುದಿನ ನಾವು ಮುಧೋಳದಲ್ಲಿದ್ದೆವು. ಹುಡುಕಾಟದ ಮಾತೆತ್ತಿದರೆ ದೊಡ್ಡತ್ತೆ ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ದಾರಿಯಲ್ಲೇ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಸಿಸ್ಟರ್‌ಗಳು ಕ್ಷಮಿಸಲಿ, ಬಹಳ ಅಂದದ ಸುಳ್ಳು.

“ದೊಡ್ಡತ್ತ್ಯಾರ, ಬನಹಟ್ಟಿ ಮನೆತನದ ವಂಶಾವಳಿ ಬರದು ಗ್ವಾಡಿಗೆ ಹಾಕೂದೈತ್ರಿ. ಹಿರಿಯಾರು ಅಂತ ಉಳದವ್ರು ನೀವೊಬ್ಬರ. ನೀವು ಹೇಳಿದ್ರ ಐತಿ, ಇಲ್ಲಾಂದ್ರ ಇಲ್ಲ.”

“ನನ್ನ ಫೋಟೋ ಎಲ್ಲಿ ಬರತೈತಿ?”

“ಎಲ್ಲಾರಕಿಂತ ಮ್ಯಾಲೆ ರಿ.”

“ಕಲರ್ ಹಾಕು. ಮತ್ತ ಹಾರ ಹಾಕಬ್ಯಾಡ, ಇನ್ನಾ ಜೀವಂತ ಇದ್ದೇನಿ.” ಕಾಲು ಚಾಚಿ ಕುಳಿತರು. “ಬರಕೋ.”

ಬರೆದುಕೊಂಡೆ. ಅಜ್ಜ, ಮುತ್ತಜ್ಜ, ಅವರ ಎರಡನೆಯ ಹೆಂಡತಿ, ಆಕೆಯ ಸಿಟ್ಟು, ಬನಹಟ್ಟಿಯ ಮನೆಯಲ್ಲಿದ್ದ ಎಮ್ಮೆಯ ಹೆಸರು. “ಎಮ್ಮೀದ ಯಾಕ್ರಿ?” ಎಂದರೆ, “ನಿಮ್ಮ ಮಾವಗಿಂತ ಅದ ಹೆಚ್ಚ ದುಡದೈತಿ, ಬರಿ” ಎಂದರು. ನಾನು ನಮ್ಮತ್ತೆಯ ಕಡೆ ನೋಡದೆ, ಪೆನ್ನು ಜಾಡಿಸುತ್ತ ಕೇಳಿದೆ: “ನಿಮ್ಮವ್ವನ ತಂಗಿ, ನಿಮ್ಮ ಚಿಗವ್ವಂದು ತವರಮನಿ ಹೆಸರು ಏನಿತ್ತರಿ?”

ದೊಡ್ಡತ್ತೆ ಹೇಳಿಬಿಟ್ಟರು. ಒಂದು ಹೂವಿನ ಹೆಸರು. ನಾನು ಬರೆದುಕೊಂಡೆ. ಪಕ್ಕದಲ್ಲಿ ನಮ್ಮತ್ತೆಯ ತುಟಿಗಳು ಸದ್ದಿಲ್ಲದೆ ಆ ಹೆಸರನ್ನು ಒಂದು ಸಲ ಹೇಳಿದವು, ಇನ್ನೊಂದು ಸಲ ಹೇಳಿದವು.

ಈ ಸಲ ಗುಮಾಸ್ತರ ಕೋಣೆಗೆ ಅತ್ತೆಯೂ ಬಂದರು. ನಾನು ಮೊದಲೇ ಓದಿ ದಾಟಿಹೋಗಿದ್ದ ಪುಟವೇ ಅದು. ಹೂವಿನ ಹೆಸರು, ತಂದೆಯ ಹೆಸರು, ವಯಸ್ಸು ಇಪ್ಪತ್ತು, ತಾಪ. ಸುಡು ಬೇಸಿಗೆಯ ತಿಂಗಳು. ನಾನು ತಾರೀಖು ಓದಿ ಹೇಳಿದೆ. ಗುಮಾಸ್ತರು ಅತ್ತೆಯ ಆಧಾರ್ ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಬಾಯಾರ, ಸ್ವಲ್ಪ ತ್ರಾಸ ಐತ್ರಿ. ಈ ಅವ್ವಾರು ಹುಟ್ಟಿದ್ದು ಅದ ವರ್ಷ ಜೂನ್ ಒಂದಕ್ಕ. ಅವರವ್ವ ತೀರಿಕೊಂಡಿದ್ದು ಅದಕ್ಕೂ ಮೊದಲ.”

“ಅಂದ್ರ?” ಎಂದರು ಅತ್ತೆ.

“ಅಂದ್ರ, ಕಾಗದದ ಪ್ರಕಾರ ನಿಮ್ಮವ್ವ ಸತ್ತ ಎರಡ ತಿಂಗಳಿಗೆ ನಿಮ್ಮನ್ನ ಹಡದಾರ್ರಿ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಎಂಥಾ ಗಟ್ಟಿ ಹೆಣಮಗಳಬೇ ನಮ್ಮವ್ವ!” ಎಂದರು. ನನ್ನ ಕಾಲ್ಬೆರಳುಗಳು ಚಪ್ಪಲಿಯಲ್ಲಿದ್ದವು, ಬೂಟಿನಲ್ಲಿರಲಿಲ್ಲ, ಏನೂ ಉಪಯೋಗವಾಗಲಿಲ್ಲ. ಮೂವರೂ ನಕ್ಕೆವು. ಗಂಟುಗಳ ಧೂಳಿಗೆ ಗುಮಾಸ್ತರು ಸೀನಿದರು.

“ಸಾಲಿಗೆ ಹೆಸರ ಹಚ್ಚೂವಾಗ ಯಾವ ಅಪ್ಪಗ ತಾರೀಖ ನೆನಪಿತ್ತರಿ? ಮಾಸ್ತರು ತಾವ ಜೂನ್ ಒಂದು ಅಂತ ಬರಕೋತಿದ್ರು. ಅರ್ಧ ತಾಲೂಕು ಅವತ್ತ ಹುಟ್ಟೇತಿ. ನಾನೂ ಅವತ್ತ ಹುಟ್ಟೇನಿ, ನಮ್ಮ ಮನಿಯಾಕಿನೂ ಅವತ್ತ ಹುಟ್ಟ್ಯಾಳ.” ಎದ್ದು ಇನ್ನೊಂದು ಗಂಟನ್ನು ತಡವಿದರು. “ಸಾಲೀ ತಾರೀಖ ಬಿಡ್ರಿ. ಹುಟ್ಟಿದವರ ರಿಜಿಸ್ಟರ್ ನೋಡೂಣು. ಆದ್ರ ಕೂಸಿನ ಹೆಸರ ಹುಡಕಬ್ಯಾಡ್ರಿ, ಹೆಸರ ಇಡೂಕಿಂತ ಮೊದಲ ಬರಸಿರತಾರ.”

ಸಾವಿನ ದಿನದಿಂದ ಹಿಂದಕ್ಕೆ ಓದುತ್ತ ಹೋದೆ. ಆ ಬೇಸಿಗೆಯಲ್ಲಿ ಇಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ಇಲ್ಲ. ಅತ್ತೆ ಬೆಂಚಿನ ಮೇಲೆ ಎರಡೂ ಅಂಗೈ ಊರಿಕೊಂಡು ಕುಳಿತಿದ್ದರು. ಪುಟ ತಿರುವಿದಾಗಲೆಲ್ಲ ಅವರ ಕುತ್ತಿಗೆ ಸ್ವಲ್ಪ ಮುಂದೆ ಬರುತ್ತಿತ್ತು. ಮಳೆಗಾಲ ದಾಟಿದೆ, ಅದರಾಚೆಯ ಬೇಸಿಗೆ ದಾಟಿದೆ. ಅದಕ್ಕೂ ಹಿಂದಿನ ಚಳಿಗಾಲಕ್ಕೆ ಬಂದಾಗ ಸಿಕ್ಕಿತು. ಹೆಣ್ಣು. ಹೆಸರಿಲ್ಲ. ತಂದೆ ಬನಹಟ್ಟಿಯವರು. ತಾಯಿಯ ಹೆಸರಿನ ಜಾಗದಲ್ಲಿ ಅದೇ ಹೂವು.

ಬೆರಳು ಮಡಚಿ ಎಣಿಸಿದೆ, ಗುಮಾಸ್ತರೂ ಎಣಿಸಿದರು. ಒಂದೂವರೆ ವರ್ಷ.

“ಅತ್ತ್ಯಾರ, ನಿಮ್ಮನ್ನ ಹಡದು ಒಂದೂವರಿ ವರ್ಷ ಇದ್ರರಿ ಅವರು. ಆಮ್ಯಾಲೆ ಜ್ವರ ಬಂದೈತಿ.”

ಅವರು ಖುಷಿಪಡುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಗುಮಾಸ್ತರ ಕಡೆ ತಿರುಗಿ, “ಹಂಗಾರ ನಾ ನಡೀತಿದ್ನೇನ್ರಿ?” ಎಂದು ಕೇಳಿದರು.

ಗುಮಾಸ್ತರು ಇಷ್ಟು ವರ್ಷದ ಕೆಲಸದಲ್ಲಿ ಈ ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ ಎನಿಸುತ್ತದೆ. ಕನ್ನಡಕ ತೆಗೆದರು. “ಅದನ್ನ ಬರದಿರೂದಿಲ್ರಿ ಅವ್ವಾರ. ಆದ್ರ ನಮ್ಮ ಮೊಮ್ಮಗ ಅಷ್ಟಕ್ಕ ಓಡತಿದ್ದ.”

ಎರಡೂ ನಕಲುಗಳು ಸಿಕ್ಕುವುದಕ್ಕೆ ಒಂದು ವಾರ ಹಿಡಿಯಿತು. ಆ ವಾರವೆಲ್ಲ ಅತ್ತೆ ರೊಟ್ಟಿ ತಟ್ಟುತ್ತ ಮುಧೋಳಕ್ಕೆ ಬೈಗುಳ ಸಿದ್ಧಮಾಡಿದರು. ಕೆಲವು ನನಗೆ ಹೇಳಿ ತೋರಿಸಿದರು. ಒಂದೆರಡನ್ನು ನಾನೇ ತಿದ್ದಿ ಚೂಪು ಮಾಡಿದೆ. ಸೀಲು ಬಿದ್ದ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮತ್ತೆ ಹೋದೆವು.

ದೊಡ್ಡತ್ತೆ ನಮ್ಮನ್ನು ಕಂಡವರೇ, “ತಂದ್ಯೇನ ಫೋಟೋ?” ಎಂದರು.

“ಫೋಟೋ ಅಲ್ಲಲೇ ಅಕ್ಕಾ. ಇದನ್ನ ನೋಡ. ಸರಕಾರದ ಸಿಕ್ಕಾ ಐತಿ.” ನಮ್ಮತ್ತೆ ಕಾಗದಗಳನ್ನು ಆಕೆಯ ತೊಡೆಯ ಮೇಲಿಟ್ಟರು. “ನಮ್ಮವ್ವ ನನ್ನ ಹಡದ ಮ್ಯಾಲೆ ಒಂದೂವರಿ ವರ್ಷ ಇದ್ಳು. ಜ್ವರ ಬಂದ ಸತ್ತಾಳ. ನಾ ತಿಂದಿಲ್ಲ.”

ಮನೆಯವರೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ದೊಡ್ಡತ್ತೆಗೆ ಓದು ಬರುವುದಿಲ್ಲ. ಕವರನ್ನು ಆ ಕಡೆ ಈ ಕಡೆ ತಿರುಗಿಸಿ ಸೀಲನ್ನು ಉಗುರಿನಿಂದ ಕೆರೆದು ನೋಡಿದರು.

“ಜ್ವರಾನ ಬಂದಿತ್ತು,” ಎಂದರು. “ಬನಹಟ್ಟಿಯಿಂದ ಚಕ್ಕಡ್ಯಾಗ ಹಾಕ್ಕೊಂಡು ಹುನ್ನೂರಿಗೆ ಒಯ್ದ್ರು. ನಮ್ಮವ್ವ, ನಾ, ನೀ ಎಲ್ಲಾರೂ ಕುಂತಿದ್ವಿ.”

ನಮ್ಮತ್ತೆ ಸಿದ್ಧಮಾಡಿದ ಬೈಗುಳವೆಲ್ಲ ಮರೆತರು. “ನಿನಗ ಗೊತ್ತಿತ್ತು?”

“ಆರ ವರ್ಷದಾಕಿ ಇದ್ನೆಲ್ಲ, ಗೊತ್ತಿಲ್ಲೇನ?”

“ಮತ್ಯಾಕ ಹಂಗ ಅಂದಿ? ಎಲ್ಲಾರಿಗೂ ಹೇಳಿ ಹೇಳಿ, ಈ ವಯಸ್ಸಿನ ತನಕ!”

“ಆಕಿ ಸತ್ತ ದಿನದಿಂದ ನಮ್ಮವ್ವ ನಿನ್ನ ಮಗ್ಗಲಕ್ಕ ಹಾಕ್ಕೊಂಡ್ಳು. ನನ್ನ ಗ್ವಾಡಿ ಕಡೆ ಸರಸಿದ್ಳು. ಒಂದ ಸಲ ಸಿಟ್ಟಿಗೆದ್ದ ಅಂದೆ. ಓಣಿ ಹುಡಗೂರು ನಂಬಿದ್ರು, ಬರಬರತ ಮಂದೀನೂ ನಂಬಿದ್ರು.” ಬಾಯಿ ಒರೆಸಿಕೊಂಡರು. “ಆಮ್ಯಾಲೆ ರೂಢಿ ಬಿತ್ತು.”

ಬಾಗಿಲಲ್ಲಿದ್ದ ಮೊಮ್ಮಗಳು, “ಆಯೀ, ತಪ್ಪಾತಂತ ಹೇಳಬೇ” ಎಂದಳು.

“ಹೇಳಾಕತ್ತೇನೆಲ್ಲಲೇ, ಮತ್ತೇನ ಮಾಡಾಕತ್ತೇನಿ?”

ಅದಕ್ಕಿಂತ ಹೆಚ್ಚಿನ ಕ್ಷಮೆ ಆ ಮನೆಯಲ್ಲಿ ಸಿಗುವಂತಿರಲಿಲ್ಲ. ನಮ್ಮತ್ತೆಗೂ ಅದು ಬೇಕಾಗಿರಲಿಲ್ಲ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, “ನಾ ನಡೀತಿದ್ನೇನ ಅವಾಗ?” ಎಂದು ಕೇಳಿದರು.

“ನಡೀತಿದ್ದಿ. ಆಕಿ ನಿರಗಿ ಹಿಡಕೊಂಡು ಹಿಂದಿಂದ ಹಿಂದಿಂದ. ಒಂದ ಸಲ ಹಂಗ ಎಳದು ಎಳದು ಸೀರಿ ಬಿಚ್ಚಿ ಬಿಟ್ಟಿದ್ದಿ, ಅಂಗಳದಾಗ, ಮಾವ್ನ ಮುಂದ.”

“ಬೈದಳೇನ?”

“ನಕ್ಕೋತ ಒಳಗ ಓಡಿದ್ಳು. ನೀ ಅಲ್ಲೇ ಕುಂತ ಅತ್ತಿ.”

ಎರಡು ತಾಸು ಇಬ್ಬರೂ ಹಾಗೇ ಮಾತಾಡುತ್ತ ಕುಳಿತರು. ನನಗೆ ಯಾರೂ ಚಹ ಕೂಡ ಕೇಳಲಿಲ್ಲ. ಹೊರಡುವಾಗ ದೊಡ್ಡತ್ತೆ ನನ್ನನ್ನು ತಡೆದು, “ವಂಶಾವಳಿ ಖರೆ ಮಾಡತೀಯೋ, ಇಲ್ಲಾ ಆ ಹೆಸರಿನ ಸಲುವಾಗಿ ಬಿಟ್ಟ ಪುಂಗಿನೋ?” ಎಂದರು. ಈಗ ಮಾಡದೆ ಗತಿಯಿಲ್ಲ. ಎಮ್ಮೆಯನ್ನು ಎಲ್ಲಿ ಹಾಕುವುದು ಎಂಬುದೊಂದೇ ಇನ್ನೂ ತೀರ್ಮಾನವಾಗಿಲ್ಲ.

ಜಮಖಂಡಿಯ ಬಸ್ಸಿನಲ್ಲಿ ಅತ್ತೆಗೆ ಕಿಟಕಿಯ ಸೀಟು ಸಿಕ್ಕಿತು; ನಾನು ಹಿಂದಿನ ಸೀಟಿನಲ್ಲಿದ್ದೆ. ಅವರ ಪಕ್ಕದಲ್ಲಿ ಯಾರೋ ಗುರುತಿಲ್ಲದ ಹೆಂಗಸು, ಕಾಲ ಬಳಿ ತರಕಾರಿ ಚೀಲ. ಬಸ್ಸು ಊರು ಬಿಡುವ ಮೊದಲೇ ಅತ್ತೆ ಆಕೆಯ ಕಡೆ ತಿರುಗಿದರು.

“ನಮ್ಮವ್ವ ಜ್ವರ ಬಂದ ತೀರಿಕೊಂಡ್ಳರಿ.”

ಆ ಹೆಂಗಸು ಚೀಲ ಬಿಟ್ಟು ಎದೆಗೆ ಕೈ ಇಟ್ಟುಕೊಂಡಳು. “ಅಯ್ಯ ಶಿವನ! ಯಾವಾಗ್ರಿ?”

“ನಂಗ ಒಂದೂವರಿ ವರ್ಷ ಇದ್ದಾಗ.”

ಹೆಂಗಸು ನಮ್ಮತ್ತೆಯ ಬಿಳಿ ಕೂದಲನ್ನು ನೋಡಿದಳು. ದುಃಖಕ್ಕೆಂದು ಸಿದ್ಧಮಾಡಿದ ಮುಖವನ್ನು ಈಗ ಎಲ್ಲಿ ಇಡುವುದೆಂದು ಆಕೆಗೆ ತಿಳಿಯಲಿಲ್ಲ. ನಮ್ಮತ್ತೆ ಆಕೆಯ ಮೊಣಕಾಲನ್ನು ಮೆಲ್ಲಗೆ ತಟ್ಟಿ, “ಇರಲಿ ಬಿಡ್ರಿ, ನೀವು ಅಳಬ್ಯಾಡ್ರಿ,” ಎಂದು ಸಮಾಧಾನ ಹೇಳಿದರು. “ನಾ ಅವಾಗ ನಡೀತಿದ್ನಿ.”